ಬೋರಲು ಹಾಕು, ಎದ್ದು ಬಾ, ಹೇಳು: ಚಿಕ್ಕ ಮಕ್ಕಳಿಗೆ ಇಂಟರ್‌ನೆಟ್ ಪಾಠ

ಪ್ರಶ್ನೆ: ನಾನು ಸಕಲೇಶಪುರ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಲ್ಕು ಮತ್ತು ಐದನೇ ತರಗತಿಗೆ ಪಾಠ ಮಾಡುತ್ತೇನೆ. ಎರಡೂ ಸೇರಿ 31 ಮಕ್ಕಳು. ಮುಕ್ಕಾಲು ಪಾಲು ಕಾಫಿ ತೋಟದ ಲೈನ್ ಮನೆಗಳಿಂದ, ಅಂದರೆ ಕೂಲಿಯವರ ಸಾಲುಮನೆಗಳಿಂದ ಬರುವವರು. ಕಳೆದ ತಿಂಗಳು ಐದನೇ ತರಗತಿಯ ಹುಡುಗನೊಬ್ಬ ಅಪ್ಪನ ಮೊಬೈಲಿನಲ್ಲಿ ಗೇಮ್ ಆಡುತ್ತಾ 3,400 ರೂಪಾಯಿ ಕಳೆದ. ಈ ತಿಂಗಳು ಐದನೇ ತರಗತಿಯ ಹುಡುಗಿಯೊಬ್ಬಳ ಫೋಟೋವನ್ನು ಏಳನೇ ತರಗತಿಯವನು ವಾಟ್ಸಾಪ್ ಸ್ಟಿಕ್ಕರ್ ಮಾಡಿ ಊರಿನ ಗ್ರೂಪುಗಳಿಗೆಲ್ಲ ಹಂಚಿದ. ಫೋಟೋದಲ್ಲಿ ಅಸಭ್ಯವಾದದ್ದು ಏನೂ ಇರಲಿಲ್ಲ. ಅವಳ ಬಣ್ಣದ ಬಗ್ಗೆ ಆಡಿಕೊಂಡು ಒಂದು ಸಾಲು ಬರೆದಿದ್ದ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಪೋಷಕರು, "ಇಂಟರ್‌ನೆಟ್ ಬಗ್ಗೆ ನೀವೇ ಏನಾದ್ರೂ ಹೇಳಿಕೊಡಿ ಮೇಷ್ಟ್ರೇ" ಅಂದರು. ಶಾಲೆಯಲ್ಲಿ ಕಂಪ್ಯೂಟರ್ ಇಲ್ಲ. ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಇಷ್ಟು ಚಿಕ್ಕ ಮಕ್ಕಳಿಗೆ ಇದನ್ನೆಲ್ಲ ಹೇಳಿದರೆ, ಗೊತ್ತಿಲ್ಲದ್ದನ್ನು ನಾವೇ ಗೊತ್ತು ಮಾಡಿಸಿದ ಹಾಗಾಗುವುದಿಲ್ವಾ? ಹೇಳಲೇಬೇಕು ಅನ್ನುವುದಾದರೆ ಎಲ್ಲಿಂದ ಶುರು ಮಾಡಲಿ? ಆ ಹುಡುಗಿ ನಾಲ್ಕು ದಿನದಿಂದ ಶಾಲೆಗೆ ಬಂದಿಲ್ಲ.

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರದ ಕೊನೆಯ ಸಾಲಿಗೆ ಮೊದಲು ಉತ್ತರ ಕೊಡುತ್ತೇನೆ. ಪಾಠ ಒಂದು ವಾರ ತಡವಾದರೂ ಪರವಾಗಿಲ್ಲ.

ಇವತ್ತೇ ಸಂಜೆ ಆ ಹುಡುಗಿಯ ಮನೆಗೆ ಹೋಗಿ ಬನ್ನಿ. ಜೊತೆಗೆ ನಿಮ್ಮ ಶಾಲೆಯ ಮಿಸ್ ಒಬ್ಬರನ್ನು ಕರೆದುಕೊಂಡು ಹೋಗಿ. ಹೋದ ತಕ್ಷಣ ಫೋಟೋ ಮಾತು ತೆಗೆಯಬೇಡಿ. ಅವರು ಕೊಟ್ಟ ಕಾಫಿ ಕುಡಿಯಿರಿ, ಈ ವಾರ ಯಾವ ಪಾಠ ಆಯಿತು ಅಂತ ಹೇಳಿ. ಆಮೇಲೆ ಅವಳಿಗೂ ಕೇಳಿಸುವ ಹಾಗೆ ಅವಳ ಅಪ್ಪ ಅಮ್ಮನಿಗೆ ಹೇಳಿ: "ಇದರಲ್ಲಿ ನಿಮ್ಮ ಮಗಳ ತಪ್ಪು ಏನೂ ಇಲ್ಲ. ಮಾಡಿದವನ ಹತ್ತಿರ ನಾವು ಮಾತಾಡುತ್ತೇವೆ. ನಾಳೆಯಿಂದ ಕಳಿಸಿ." ಈ ನಾಲ್ಕು ದಿನದಲ್ಲಿ ಮನೆಯಲ್ಲಿ ಯಾರಾದರೂ ಅವಳಿಗೆ "ನೀನ್ಯಾಕೆ ಫೋಟೋ ತೆಗೆಸ್ಕೊಂಡೆ" ಅಂತ ಬೈದಿರುವ ಸಾಧ್ಯತೆ ಜಾಸ್ತಿ. ಮೇಷ್ಟ್ರೇ ಮನೆಗೆ ಬಂದು "ನಿನ್ನ ತಪ್ಪಿಲ್ಲ" ಅಂದರೆ ಆ ಬೈಗುಳದ ಭಾರ ಅರ್ಧ ಇಳಿಯುತ್ತದೆ.

ಸ್ಟಿಕ್ಕರ್ ಮಾಡಿದ ಆ ಹುಡುಗನೂ ಹನ್ನೆರಡು ವರ್ಷದ ಮಗುವೇ. ಅವನನ್ನು ಪ್ರಾರ್ಥನೆ ಹೊತ್ತಿನಲ್ಲಿ ಎಲ್ಲರ ಮುಂದೆ ನಿಲ್ಲಿಸಬೇಡಿ. ನಿಲ್ಲಿಸಿದರೆ ಸ್ಟಿಕ್ಕರ್ ನೋಡದವರಿಗೂ ಅದು ಯಾರದು ಅಂತ ಗೊತ್ತಾಗುತ್ತದೆ. ಅವನ ಮನೆಯವರನ್ನು ಬೇರೆಯಾಗಿ ಕರೆಸಿ ಮಾತಾಡಿ. ಯಾವ ಯಾವ ಗ್ರೂಪಿಗೆ ಹೋಗಿದೆ ಅಂತ ಅವನಿಂದಲೇ ಬರೆಸಿಕೊಳ್ಳಿ. ಆ ಗ್ರೂಪುಗಳ ಅಡ್ಮಿನ್‌ಗಳಿಗೆ ನೀವೇ ಫೋನ್ ಮಾಡಿ. ವಾಟ್ಸಾಪ್‌ನಲ್ಲಿ ಅಡ್ಮಿನ್ ಆದವರು ಬೇರೆಯವರು ಹಾಕಿದ್ದನ್ನೂ ಎಲ್ಲರ ಕಣ್ಣಿಂದ ಅಳಿಸಬಹುದು. ಎಷ್ಟೋ ಅಡ್ಮಿನ್‌ಗಳಿಗೆ ಇದು ಗೊತ್ತೇ ಇರುವುದಿಲ್ಲ.

ಒಂದು ಎಚ್ಚರಿಕೆ. ನಿಮ್ಮ ಶಾಲೆಯಲ್ಲಿ ನಡೆದದ್ದು ಹೀಯಾಳಿಕೆ. ಇದನ್ನು ಶಾಲೆಯಲ್ಲೇ ಸರಿ ಮಾಡಬಹುದು. ಆದರೆ ಮುಂದೆ ಯಾವತ್ತಾದರೂ ಮಗುವಿನ ಅಸಭ್ಯ ಫೋಟೋ ಅಥವಾ ವಿಡಿಯೋ ಹರಿದಾಡುತ್ತಿದೆ ಅಂತ ಗೊತ್ತಾದರೆ ದಾರಿ ಪೂರ್ತಿ ಬೇರೆ. ಅಂಥದ್ದನ್ನು "ಸಾಕ್ಷಿಗೆ ಇರಲಿ" ಅಂತ ನಿಮ್ಮ ಮೊಬೈಲಿಗೆ ತರಿಸಿಕೊಳ್ಳಬೇಡಿ, ಹೆಡ್‌ಮಾಸ್ಟರಿಗೂ ಫಾರ್ವರ್ಡ್ ಮಾಡಬೇಡಿ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆ ಮತ್ತು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಂ ಪ್ರಕಾರ ಅಂಥದ್ದನ್ನು ಇಟ್ಟುಕೊಳ್ಳುವುದು, ಹಂಚುವುದು ಅಪರಾಧ. 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಬಿಗಿಯಾಗಿ ಹೇಳಿತು. ಕಳಿಸಿದ ನಂಬರ್, ಗ್ರೂಪಿನ ಹೆಸರು, ದಿನಾಂಕ, ಹೊತ್ತು ಇಷ್ಟನ್ನು ಒಂದು ಹಾಳೆಯಲ್ಲಿ ಬರೆದಿಟ್ಟು ಪೊಲೀಸರಿಗೆ ಹೇಳಬೇಕು. ಪೋಕ್ಸೋ ಪ್ರಕಾರ ಗೊತ್ತಿದ್ದೂ ಹೇಳದಿರುವುದು ತಪ್ಪು. "ಊರಿನ ಮರ್ಯಾದೆ" ಅಂತ ಒಳಗೊಳಗೇ ಮುಗಿಸಲು ಯಾರಿಗೂ ಹಕ್ಕಿಲ್ಲ. ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳನ್ನು ನೋಡುವ ಸಿಇಎನ್ ಪೊಲೀಸ್ ಠಾಣೆ ಇದೆ. ಹತ್ತಿರದ ಠಾಣೆಯಲ್ಲೂ ದೂರು ಕೊಡಬಹುದು.

ಈಗ ನಿಮ್ಮ ಅಂಜಿಕೆಯ ಮಾತಿಗೆ ಬರುತ್ತೇನೆ. ಹೇಳಿಕೊಟ್ಟರೆ ಗೊತ್ತಿಲ್ಲದ್ದು ಗೊತ್ತಾಗುತ್ತದಾ?

ನಾನು ಇಪ್ಪತ್ತು ವರ್ಷ ಪಾಠ ಮಾಡಿ, ಆಮೇಲೆ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಲ್ಲಿ ಶಿಕ್ಷಕರಿಗೆ ಈ ವಿಷಯದ ತರಬೇತಿ ಕೊಡುತ್ತಾ ಬಂದವನು. ಹೋದ ಶಾಲೆಯಲ್ಲೆಲ್ಲ ಈ ಪ್ರಶ್ನೆ ಬಂದಿದೆ. ಮಕ್ಕಳ ಜೊತೆ ಅರ್ಧ ಗಂಟೆ ಕೂತರೆ ಉತ್ತರ ಸಿಗುತ್ತದೆ. ಮೂರನೇ ತರಗತಿಯ ಮಗುವಿಗೆ ಸ್ಟೇಟಸ್ ಗೊತ್ತು, ರೀಲ್ಸ್ ಗೊತ್ತು, ಅಪ್ಪನ ಮೊಬೈಲ್ ಲಾಕ್ ಗೊತ್ತು. ಎಷ್ಟೋ ಮನೆಗಳಲ್ಲಿ ಫೋನ್‌ಪೇ ಪಿನ್ ಕೂಡ ಗೊತ್ತು. ಅವರು ನೋಡಬಾರದ್ದನ್ನು ಆಗಲೇ ನೋಡಿದ್ದಾರೆ. ನೋಡಿದ್ದನ್ನು ಯಾರಿಗೆ ಹೇಳಬೇಕು ಅನ್ನುವುದೊಂದೇ ಗೊತ್ತಿಲ್ಲ.

ನಮ್ಮ ಕಡೆ ಮೊಬೈಲ್ ಮಗುವಿನ ಕೈಗೆ ಹೇಗೆ ಬರುತ್ತದೆ ನೋಡಿ. ಮನೆಗೆ ಒಂದು ಸ್ಮಾರ್ಟ್‌ಫೋನ್, ಹೆಚ್ಚೆಂದರೆ ಎರಡು. ಅಪ್ಪ ತೋಟದ ಕೆಲಸ ಮುಗಿಸಿ ಬರುವಷ್ಟರಲ್ಲಿ ಆರು ಗಂಟೆ. ದಿನಕ್ಕೆ ಇಷ್ಟು ಜಿಬಿ ಅಂತ ಹಾಕಿಸಿದ ಡೇಟಾ ರಾತ್ರಿ ಹನ್ನೆರಡಕ್ಕೆ ಮುಗಿದು ಹೋಗುತ್ತದೆ. "ಸುಮ್ನೆ ಹಾಳಾಗುತ್ತಲ್ಲ, ನೋಡ್ಕೊಳ್ಲಿ ಬಿಡು" ಅಂತ ಊಟ ಆದ ಮೇಲೆ ಮಗುವಿಗೆ ಕೊಡುತ್ತಾರೆ. ದಿನವಿಡೀ ದೊಡ್ಡವರು ಏನೇನು ನೋಡಿದ್ದಾರೋ ಅದೇ ಬಗೆಯ ವಿಡಿಯೋ ರಾತ್ರಿ ಎಂಟರಿಂದ ಹತ್ತರವರೆಗೆ ಮಗುವಿನ ಮುಂದೆ ಬರುತ್ತದೆ. ಆ್ಯಪ್‌ಗೆ ನೋಡುತ್ತಿರುವವರು ಅಪ್ಪನೋ ಮಗನೋ ಗೊತ್ತಾಗುವುದಿಲ್ಲ. ಪಟ್ಟಣದ ಪುಸ್ತಕಗಳಲ್ಲಿ "ನಿನ್ನ ಪಾಸ್‌ವರ್ಡ್ ಯಾರಿಗೂ ಹೇಳಬೇಡ" ಅಂತ ಮೊದಲ ಪಾಠ ಇರುತ್ತದೆ. ನಮ್ಮ ಮಕ್ಕಳಿಗೆ ಅವರದೇ ಅಂತ ಪಾಸ್‌ವರ್ಡ್ ಎಲ್ಲಿದೆ? ಹಾಗಾಗಿ ಆ ಪುಸ್ತಕವನ್ನು ಹಾಗೇ ಓದಿಸಿದರೆ ನಿಮ್ಮ ತರಗತಿಗೆ ಹೊಂದುವುದಿಲ್ಲ.

ನಿಮ್ಮ ಮಕ್ಕಳಿಗೆ ಹೊಂದುವ ಪಾಠ ಒಂದಿದೆ, ಅದು ಅವರಿಗೆ ಆಗಲೇ ಬರುತ್ತದೆ. ಆನೆಯ ಪಾಠ. ಸಕಲೇಶಪುರ, ಆಲೂರು, ಬೇಲೂರು ಕಡೆಯ ಮಕ್ಕಳಿಗೆ ಕಾಡಾನೆ ಹೊಸದಲ್ಲ. ಆನೆ ಇದೆ ಅಂತ ನಾವು ಮಕ್ಕಳನ್ನು ಶಾಲೆ ಬಿಡಿಸಲಿಲ್ಲ. ಏನು ಹೇಳಿಕೊಟ್ಟೆವು? ಮುಸ್ಸಂಜೆ ಒಬ್ಬರೇ ತೋಟದ ದಾರಿ ಹಿಡಿಯಬೇಡಿ. ಹಸಿ ಲದ್ದಿ ಕಂಡರೆ ಹಿಂದಕ್ಕೆ ಬನ್ನಿ. ಫೋಟೋ ತೆಗೆಯಲು ಹತ್ತಿರ ಹೋಗಬೇಡಿ. ಬಂದು ದೊಡ್ಡವರಿಗೆ ಹೇಳಿ. ಮಗು ಓಡಿ ಬಂದು "ಆನೆ ಕಂಡೆ" ಅಂದರೆ ಯಾವ ಅಪ್ಪನೂ "ನೀನ್ಯಾಕೆ ನೋಡಿದೆ" ಅಂತ ಹೊಡೆಯುವುದಿಲ್ಲ. ಬಾಗಿಲು ಹಾಕಿ, ಅಕ್ಕಪಕ್ಕದವರಿಗೆ ಕೂಗಿ ಹೇಳಿ, ಅರಣ್ಯ ಇಲಾಖೆಯವರಿಗೆ ಫೋನ್ ಮಾಡುತ್ತಾನೆ. ಅದೇ ಮಗು "ಮೊಬೈಲಲ್ಲಿ ಏನೋ ಕೆಟ್ಟದು ಬಂತು" ಅಂದರೆ? ಬೆನ್ನಿಗೆ ಎರಡು ಬೀಳುತ್ತದೆ, ಮೊಬೈಲ್ ಅಟ್ಟ ಸೇರುತ್ತದೆ. ಇನ್ನೊಂದು ಸಲ ಆ ಮಗು ಬಾಯಿ ಬಿಡುವುದಿಲ್ಲ.

ನಾನು ಹೇಳಬೇಕಾದ ಮುಖ್ಯ ಮಾತು ಇದೇ. ಪ್ರಾಥಮಿಕ ಶಾಲೆಯಲ್ಲಿ ಇಂಟರ್‌ನೆಟ್ ಸುರಕ್ಷತೆ ಅಂದರೆ, ಏನೇ ಆದರೂ ಬಂದು ಹೇಳುವ ಧೈರ್ಯ ಮಗುವಿಗೆ ಬರುವುದು. ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ.

ಇದನ್ನು ನಾನು ತಪ್ಪು ಮಾಡಿಯೇ ಕಲಿತೆ. ಶುರುವಿನಲ್ಲಿ ಹೆದರಿಸುವ ಪಾಠ ಮಾಡುತ್ತಿದ್ದೆ. ಕಳ್ಳರು, ಮೋಸಗಾರರು, ಮಕ್ಕಳನ್ನು ಹಿಡಿದುಕೊಂಡು ಹೋದ ಕಥೆಗಳು. ಮಕ್ಕಳು ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ನನಗೂ ಪಾಠ ಚೆನ್ನಾಗಿ ಆಯಿತು ಅನ್ನಿಸುತ್ತಿತ್ತು. ಒಂದು ಶಾಲೆಯಲ್ಲಿ ಐದನೇ ತರಗತಿಯ ಹುಡುಗನೊಬ್ಬನಿಗೆ ಗೇಮಿನ ಚಾಟ್‌ನಲ್ಲಿ ಯಾರೋ "ಅಣ್ಣ" ಪರಿಚಯ ಆಗಿದ್ದ. ಡೈಮಂಡ್ (ಗೇಮಿನೊಳಗಿನ ದುಡ್ಡು) ಕೊಡಿಸುತ್ತೇನೆ, ಶರ್ಟ್ ಬಿಚ್ಚಿ ಫೋಟೋ ಕಳಿಸು ಅಂತ ಕೇಳುತ್ತಿದ್ದ. ಹುಡುಗ ಮೂರು ತಿಂಗಳು ಯಾರಿಗೂ ಹೇಳಲಿಲ್ಲ. ಊಟ ಬಿಟ್ಟ, ಲೆಕ್ಕದಲ್ಲಿ ಹಿಂದೆ ಬಿದ್ದ, ಆಮೇಲೆ ಅಜ್ಜಿಯ ಹತ್ತಿರ ಅತ್ತ. ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ನೀವೇ ಹೇಳಿದ್ರಲ್ಲ ಸಾರ್, ಅಂಥವರ ಹತ್ರ ಮಾತಾಡಿದ್ರೆ ಪೊಲೀಸ್ ಬರ್ತಾರೆ ಅಂತ. ನಾನು ಮಾತಾಡ್ಬಿಟ್ಟಿದ್ದೆ." ನನ್ನ ಪಾಠವೇ ಅವನ ಬಾಯಿ ಕಟ್ಟಿತ್ತು. ಅವತ್ತಿನಿಂದ ಹೆದರಿಸುವ ಕಥೆ ಒಂದೂ ಹೇಳಿಲ್ಲ.

ಹಾಗಾದರೆ ಏನು ಮಾಡಬೇಕು? ವಾರಕ್ಕೆ ಹದಿನೈದು ನಿಮಿಷ ಸಾಕು. ಶನಿವಾರ ಬೆಳಗಿನ ಶಾಲೆ ಇರುತ್ತದಲ್ಲ, ಅದರಲ್ಲಿ ಕೊನೆಯ ಹದಿನೈದು ನಿಮಿಷ. ಕಂಪ್ಯೂಟರ್ ಬೇಡ, ನೆಟ್ ಬೇಡ.

ಮೊದಲ ಶನಿವಾರ ಸ್ಲೇಟು ಹಿಡಿಸಿ. ಸ್ಲೇಟೇ ಮೊಬೈಲ್. ಮಕ್ಕಳು ಅದರ ಮೇಲೆ ಬೆರಳಾಡಿಸುತ್ತಾ ವಿಡಿಯೋ ನೋಡುವ ಹಾಗೆ ನಟಿಸಲಿ. ನೀವು ಇದ್ದಕ್ಕಿದ್ದ ಹಾಗೆ "ಬೇಡದ್ದು ಬಂತು!" ಅನ್ನಿ. ಮಕ್ಕಳು ಮೂರು ಕೆಲಸ ಮಾಡಬೇಕು. ಸ್ಲೇಟು ಬೋರಲು ಹಾಕಬೇಕು. ಎದ್ದು ಬರಬೇಕು. ನಿಮ್ಮ ಹತ್ತಿರ ಬಂದು "ಮೊಬೈಲಲ್ಲಿ ಏನೋ ಬಂತು, ನಂಗೆ ಇಷ್ಟ ಆಗ್ಲಿಲ್ಲ" ಅಂತ ಬಾಯಿ ಬಿಟ್ಟು ಹೇಳಬೇಕು. ಬೋರಲು ಹಾಕು, ಎದ್ದು ಬಾ, ಹೇಳು. ಡ್ರಿಲ್ ಮಾಡಿಸಿದ ಹಾಗೆ ಐದಾರು ಸಲ ಮಾಡಿಸಿ. ಆಫ್ ಮಾಡು, ಬ್ಯಾಕ್ ಒತ್ತು ಅಂತ ಹೇಳಿಕೊಡಬೇಡಿ. ಗಾಬರಿಯಲ್ಲಿ ಮಗುವಿನ ಬೆರಳು ಇನ್ನೆಲ್ಲೋ ಬೀಳುತ್ತದೆ, ಇನ್ನೊಂದು ತೆರೆದುಕೊಳ್ಳುತ್ತದೆ. ಬೋರಲು ಹಾಕುವುದು ಒಂದನೇ ತರಗತಿಯ ಮಗುವಿಗೂ ಬರುತ್ತದೆ. ದೊಡ್ಡವರು ಬಂದು ತೆಗೆದು ನೋಡಿದರೆ ಏನು ಬಂದಿತ್ತು ಅನ್ನುವುದೂ ಅಲ್ಲೇ ಇರುತ್ತದೆ.

ಆಟದಲ್ಲಿ ನಿಮ್ಮ ಪಾತ್ರವೂ ಇದೆ, ಅದನ್ನು ಮರೆಯಬೇಡಿ. ಪ್ರತಿ ಮಗು ಬಂದು ಹೇಳಿದಾಗಲೂ ನೀವು ಒಂದೇ ಮಾತು ಹೇಳಬೇಕು: "ಹೇಳಿದ್ದು ಒಳ್ಳೇದಾಯ್ತು. ನಿನ್ನ ತಪ್ಪಿಲ್ಲ. ಇಬ್ಬರೂ ಸೇರಿ ನೋಡೋಣ." ಮೂವತ್ತೊಂದು ಮಕ್ಕಳಿಗೂ ಹೇಳಿ. ಬೇಸರ ಬಂದರೂ ಹೇಳಿ. ಈ ಮಾತು ಕಿವಿಗೆ ಬಿದ್ದು ಬಿದ್ದು ಒಳಗೆ ಇಳಿಯಬೇಕು. ತೋಟದ ಕೆಲಸಕ್ಕೆ ಬಂದ ಅಸ್ಸಾಮಿನ, ಉತ್ತರದ ಕಡೆಯ ಮಕ್ಕಳು ನಿಮ್ಮಲ್ಲೂ ಇರಬಹುದು. ಕನ್ನಡ ಇನ್ನೂ ಬಾರದ ಮಗುವಿಗೂ ಈ ಆಟ ಅರ್ಥ ಆಗುತ್ತದೆ.

ಎರಡನೇ ಶನಿವಾರ ಪೋಸ್ಟ್‌ಕಾರ್ಡ್. ಅಂಚೆ ಕಚೇರಿಯಲ್ಲಿ 50 ಪೈಸೆಗೆ ಒಂದು ಸಿಗುತ್ತದೆ. ಒಂದು ಮಗುವಿನ ಕೈಲಿ ಅದರ ಮೇಲೆ ಏನಾದರೂ ಗುಟ್ಟು ಬರೆಸಿ. "ನಂಗೆ ಕತ್ತಲಂದ್ರೆ ಭಯ" ಅನ್ನುವಂಥ ಸಣ್ಣ ಸುಳ್ಳು ಗುಟ್ಟು. ಮೊದಲೇ ಆ ಮಗುವಿನ ಜೊತೆ ಮಾತಾಡಿಕೊಂಡಿರಿ. ಕಾರ್ಡು ಮೊದಲ ಸಾಲಿನಿಂದ ಕೊನೆಯ ಸಾಲಿಗೆ ಕೈಯಿಂದ ಕೈಗೆ ಹೋಗಲಿ. ಪ್ರತಿಯೊಬ್ಬರೂ ಓದಿ, ತಮ್ಮ ಪುಸ್ತಕದಲ್ಲಿ ಆ ಸಾಲನ್ನು ಬರೆದುಕೊಂಡು ಮುಂದೆ ಕೊಡಲಿ. ಕೊನೆಗೆ ಕಾರ್ಡನ್ನು ಬರೆದ ಮಗುವಿಗೇ ಕೊಟ್ಟು, "ಈಗ ಹರಿದು ಹಾಕು" ಅನ್ನಿ. ಹರಿದ ಮೇಲೆ ಕೇಳಿ: "ಗುಟ್ಟು ಹೋಯ್ತಾ?" ಮಕ್ಕಳು ತಮ್ಮ ತಮ್ಮ ಪುಸ್ತಕ ನೋಡಿಕೊಳ್ಳುತ್ತಾರೆ. ಡಿಲೀಟ್ ಅಂದರೆ ಏನು ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ಹೇಳಿಕೊಡುವ ಇನ್ನೊಂದು ದಾರಿ ನನಗೆ ಸಿಕ್ಕಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುವ ಗಾದೆಯನ್ನು ಅವತ್ತು ಬೋರ್ಡಿನ ಮೇಲೆ ಬರೆಯಿರಿ. ಒಂದು ಸಲ ನೋಡಿದರೆ ಮಾಯವಾಗುತ್ತದೆ ಅನ್ನುವ ಫೋಟೋವನ್ನೂ ಇನ್ನೊಂದು ಮೊಬೈಲಿನಿಂದ ತೆಗೆದಿಟ್ಟುಕೊಳ್ಳಬಹುದು ಅನ್ನುವುದನ್ನೂ ಅದೇ ಉಸಿರಿನಲ್ಲಿ ಹೇಳಿ. ನಿಮ್ಮ ಶಾಲೆಯ ಹುಡುಗಿಯ ವಿಷಯ ಮಾತ್ರ ಉದಾಹರಣೆಗೂ ಎತ್ತಬೇಡಿ. ಅವಳು ಆ ಕೋಣೆಯಲ್ಲೇ ಕೂತಿರುತ್ತಾಳೆ.

ಮೂರನೆಯದು ಪರದೆ ಆಟ. ಕಿಟಕಿಗೋ ಬಾಗಿಲಿಗೋ ಒಂದು ಬೆಡ್‌ಶೀಟ್ ಕಟ್ಟಿ. ಹಿಂದೆ ಒಂದು ಮಗು ನಿಂತು, ದನಿ ಬದಲಾಯಿಸಿ, "ನಾನು ಮೂರನೇ ಕ್ಲಾಸಿನ ಪುಟ್ಟಿ, ನಂಗೂ ಗೇಮ್ ಇಷ್ಟ" ಅಂತ ಮಾತಾಡಲಿ. ಯಾರು ಅಂತ ಊಹಿಸಲಿ. ನಕ್ಕು ನಕ್ಕು ಸುಸ್ತಾಗುತ್ತಾರೆ. ಆಮೇಲೆ ನೀವೇ ಹಿಂದೆ ಹೋಗಿ ನಿಂತು ಮಗುವಿನ ದನಿಯಲ್ಲಿ ಮಾತಾಡಿ. ಪರದೆ ಸರಿಸಿದಾಗ ಮೇಷ್ಟ್ರು! ಫೋಟೋ, ಹೆಸರು, ದನಿ ಮೂರೂ ಸುಳ್ಳಿರಬಹುದು ಅಂತ ಅವರಿಗೇ ಅರ್ಥ ಆಗುತ್ತದೆ. ಈಗ ಎಐ ಬಂದ ಮೇಲೆ ಅಪ್ಪನ ದನಿಯನ್ನೇ ನಕಲು ಮಾಡಿ ಫೋನ್ ಮಾಡಬಹುದು. ಅದಕ್ಕೆ ಪ್ರತಿ ಮನೆಯಲ್ಲಿ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಲು ಹೇಳಿ. ಅಜ್ಜಿ ಸಾಕಿದ ಹಸುವಿನ ಹೆಸರಾದರೂ ಸರಿ. "ಅಪ್ಪ ಕಳಿಸಿದ್ದಾರೆ ಬಾ" ಅಂದವರು ಆ ಮಾತು ಹೇಳದಿದ್ದರೆ ಹೋಗಬಾರದು.

ಗುಟ್ಟಿನ ಬಗ್ಗೆಯೇ ಒಂದು ಪೂರ್ತಿ ವಾರ ಕೊಡಿ. ಮಕ್ಕಳನ್ನು ದಾರಿ ತಪ್ಪಿಸುವವರು ಮೊದಲ ದಿನವೇ ಕೆಟ್ಟದ್ದು ಕೇಳುವುದಿಲ್ಲ. ಹೊಗಳುತ್ತಾರೆ, ಗೇಮಿನಲ್ಲಿ ಗೆಲ್ಲಿಸುತ್ತಾರೆ, ಏನಾದರೂ ಕೊಡಿಸುತ್ತಾರೆ. ಸ್ವಲ್ಪ ದಿನ ಆದ ಮೇಲೆ "ಇದು ನಮ್ಮಿಬ್ಬರಲ್ಲೇ ಇರಲಿ" ಅನ್ನುತ್ತಾರೆ. ಆ ಮಾತು ಬಂದ ಕ್ಷಣವೇ ಹಸಿ ಲದ್ದಿ ಕಂಡ ಹಾಗೆ. ಮಕ್ಕಳಿಗೆ ವ್ಯತ್ಯಾಸ ಹೀಗೆ ಹೇಳಿ. ಅಮ್ಮನ ಹುಟ್ಟುಹಬ್ಬಕ್ಕೆ ಬಳೆ ತಂದಿಟ್ಟಿದ್ದೇವೆ, ಹೇಳಬೇಡ ಅಂತ ಅಕ್ಕ ಅಂದರೆ ಅದು ಒಳ್ಳೆ ಗುಟ್ಟು. ಒಂದು ದಿನ ಅದು ಹೊರಗೆ ಬಂದೇ ಬರುತ್ತದೆ, ಎಲ್ಲರೂ ನಗುತ್ತಾರೆ. "ಯಾವತ್ತೂ, ಯಾರಿಗೂ ಹೇಳಬೇಡ, ಹೇಳಿದರೆ ನಿನಗೇ ಬೈತಾರೆ" ಅಂದರೆ ಅದು ಕೆಟ್ಟ ಗುಟ್ಟು. ಅದನ್ನು ಅವತ್ತೇ ಹೇಳಬೇಕು. ಗುಟ್ಟಾಗಿಡು ಅಂದವರು ಮಾವ, ಚಿಕ್ಕಪ್ಪ, ಟ್ಯೂಷನ್ ಸಾರ್ ಯಾರೇ ಆಗಿರಲಿ. ಅಪರಿಚಿತರ ಬಗ್ಗೆ ಮಾತ್ರ ಎಚ್ಚರಿಸಿ ಸುಮ್ಮನಾಗಬೇಡಿ.

ಮೈ ಬಗ್ಗೆ ಮಾತಾಡಲು ಸಂಕೋಚ ಬೇಡ. ಒಳ್ಳೆ ಸ್ಪರ್ಶ, ಕೆಟ್ಟ ಸ್ಪರ್ಶದ ಪಾಠ ನೀವು ಮಾಡೇ ಇರುತ್ತೀರಿ. ಅದಕ್ಕೆ ಒಂದು ಸಾಲು ಸೇರಿಸಿ: ಚಡ್ಡಿ, ಬನಿಯನ್ ಮುಚ್ಚುವ ಜಾಗದ ಫೋಟೋ ಯಾರೂ ತೆಗೆಯಬಾರದು, ಯಾರೂ ಕೇಳಬಾರದು, ಯಾರೂ ತೋರಿಸಬಾರದು. ಆಗಲೇ ಕಳಿಸಿಬಿಟ್ಟಿದ್ದರೂ ಬಂದು ಹೇಳಬಹುದು. ಈ ಕೊನೆಯ ವಾಕ್ಯವನ್ನು ಬಿಡಬೇಡಿ. ತಪ್ಪು ಆಗಿಹೋಗಿದೆ ಅಂದುಕೊಂಡ ಮಗುವಿಗೇ ಅದು ಎಲ್ಲರಿಗಿಂತ ಜಾಸ್ತಿ ಬೇಕು.

ದುಡ್ಡಿನ ಪಾಠ ಸುಲಭ, ಮಕ್ಕಳಿಗೆ ಇಷ್ಟವೂ ಆಗುತ್ತದೆ. ಹಣ ಬರುವುದಕ್ಕೆ ಪಿನ್ ಬೇಡ, ಹಣ ಹೋಗುವುದಕ್ಕೆ ಮಾತ್ರ ಪಿನ್ ಬೇಕು. ಯುಪಿಐ ಮೋಸಗಳಲ್ಲಿ ಎಷ್ಟೋ ಈ ಒಂದು ವಾಕ್ಯ ಗೊತ್ತಿಲ್ಲದವರ ಮೇಲೇ ನಡೆಯುತ್ತವೆ. ವಾಟ್ಸಾಪ್‌ಗೆ ಮದುವೆ ಕರೆಯೋಲೆ ಅಂತಲೋ ಗಾಡಿಯ ದಂಡದ ಚೀಟಿ ಅಂತಲೋ ಫೈಲ್ ಬಂದು, ಅದರ ಹೆಸರಿನ ಕೊನೆಯಲ್ಲಿ ಎಪಿಕೆ ಅಂತ ಇದ್ದರೆ ಅದು ಮೊಬೈಲಿಗೆ ಆ್ಯಪ್ ಹಾಕುವ ಫೈಲ್, ಮುಟ್ಟಬಾರದು. ಎ, ಪಿ, ಕೆ ಮೂರು ಇಂಗ್ಲಿಷ್ ಅಕ್ಷರ ಗುರುತಿಸಲು ನಾಲ್ಕನೇ ತರಗತಿಯವರಿಗೆ ಬರುತ್ತದೆ. ಇದನ್ನು ಮನೆಗೆ ಹೋಗಿ ತಾತ ಅಜ್ಜಿಗೆ ಹೇಳಿಕೊಡುವುದೇ ಹೋಂವರ್ಕ್ ಅಂತ ಮಾಡಿ. ಅಪ್ಪ ಅಮ್ಮನಿಗೆ ಮಕ್ಕಳು ಪಾಠ ಮಾಡಿದರೆ ಮನೆಯಲ್ಲಿ ಮೊಬೈಲ್ ಬಗ್ಗೆ ಮಾತು ಶುರುವಾಗುತ್ತದೆ.

3,400 ರೂಪಾಯಿ ಕಳೆದ ಹುಡುಗನ ಅಪ್ಪನಿಗೆ ಹೀಗೆ ಹೇಳಿ. ಪ್ಲೇ ಸ್ಟೋರ್ ಮೂಲಕ ಹೋದ ಹಣವಾದರೆ ಅದರಲ್ಲೇ ಖರೀದಿಯ ಪಟ್ಟಿ ತೆಗೆದು ರಿಫಂಡ್ ಕೇಳಬಹುದು. ಬೇಗ ಕೇಳಿದಷ್ಟೂ ಒಳ್ಳೆಯದು. ಯಾರೋ ಮೋಸ ಮಾಡಿ ಹಾಕಿಸಿಕೊಂಡ ಹಣವಾದರೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಗೊತ್ತಾದ ತಕ್ಷಣ ಮಾಡಿದರೆ ಹಣ ಮುಂದಿನ ಖಾತೆಗೆ ಹೋಗುವ ಮೊದಲು ಬ್ಯಾಂಕಿನವರು ತಡೆಯುವ ಅವಕಾಶ ಇರುತ್ತದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟಿನಲ್ಲಿ ಬಂದ ಕಾನೂನು ನಿಷೇಧಿಸಿದೆ. ಆದರೆ ಗೇಮಿನ ಒಳಗೆ ಡೈಮಂಡ್, ಬಟ್ಟೆ, ಬಂದೂಕು ಕೊಳ್ಳುವುದು ಆ ನಿಷೇಧದಲ್ಲಿ ಬರುವುದಿಲ್ಲ. ಅದಕ್ಕೆ ಮನೆಯಲ್ಲೇ ಬೀಗ ಹಾಕಬೇಕು.

ಆ ಬೀಗವನ್ನು ಪೋಷಕರ ಸಭೆಯಲ್ಲಿ ಹಾಕಿಸಿ. ಭಾಷಣ ಬೇಡ. ಎಲ್ಲರೂ ಮೊಬೈಲ್ ತರಲಿ, ಇಪ್ಪತ್ತು ನಿಮಿಷದಲ್ಲಿ ನಾಲ್ಕು ಕೆಲಸ ಮಾಡಿಸಿ ಕಳಿಸಿ. ಮೊಬೈಲ್ ಲಾಕ್ ನಂಬರೂ ಯುಪಿಐ ಪಿನ್ನೂ ಬೇರೆ ಬೇರೆ ಮಾಡಿಸಿ. ಪ್ಲೇ ಸ್ಟೋರಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಅಥವಾ ಬೆರಳಚ್ಚು ಕೇಳುವ ಹಾಗೆ ಇಡಿಸಿ. ಯೂಟ್ಯೂಬಿನಲ್ಲಿ ದೊಡ್ಡವರ ವಿಡಿಯೋಗಳನ್ನು ಆದಷ್ಟು ಸೋಸುವ ರಿಸ್ಟ್ರಿಕ್ಟೆಡ್ ಮೋಡ್ ಆನ್ ಮಾಡಿಸಿ, ಆಟೋಪ್ಲೇ ಆಫ್ ಮಾಡಿಸಿ. ಒಂದು ಮುಗಿದ ಕೂಡಲೇ ಇನ್ನೊಂದು ತಾನಾಗೇ ಬರುವುದು ನಿಂತರೆ ಅರ್ಧ ತೊಂದರೆ ಕಡಿಮೆ. ನಾಲ್ಕನೆಯದು ಆ್ಯಪ್ ಪಿನ್ನಿಂಗ್, ಇದು ಎಲ್ಲಕ್ಕಿಂತ ಉಪಯೋಗದ್ದು. ಆಂಡ್ರಾಯ್ಡ್ ಮೊಬೈಲಿನ ಸೆಕ್ಯುರಿಟಿ ಸೆಟ್ಟಿಂಗಿನಲ್ಲಿ ಇರುತ್ತದೆ. ಹೊರಗೆ ಬರಲು ಲಾಕ್ ನಂಬರ್ ಕೇಳುವ ಆಯ್ಕೆಯನ್ನೂ ಅಲ್ಲೇ ಆನ್ ಮಾಡಿ, ಮಗುವಿಗೆ ಒಂದು ಆ್ಯಪ್ ತೆರೆದು ಪಿನ್ ಮಾಡಿ ಕೊಟ್ಟರೆ, ಲಾಕ್ ನಂಬರ್ ಇಲ್ಲದೆ ಅದರಿಂದ ಹೊರಗೆ ಹೋಗಲು ಬರುವುದಿಲ್ಲ. ಒಂದೇ ಮೊಬೈಲ್ ಇರುವ ಮನೆಗೆ ಇದು ಸರಿಯಾದ ಉಪಾಯ. ವಾಟ್ಸಾಪ್, ಇನ್‌ಸ್ಟಾಗ್ರಾಂ ಎರಡಕ್ಕೂ ಕಂಪನಿಗಳೇ ಇಟ್ಟ ವಯಸ್ಸು 13 ಅನ್ನುವುದನ್ನೂ ತಿಳಿಸಿ. ಎಷ್ಟೋ ಪೋಷಕರು "ಎಲ್ಲರ ಮಕ್ಕಳೂ ಇದಾರೆ" ಅಂತ ಅಕೌಂಟ್ ಮಾಡಿಕೊಟ್ಟಿರುತ್ತಾರೆ.

ಸಭೆಯನ್ನು ಕೆಲಸದ ದಿನ ಹನ್ನೊಂದು ಗಂಟೆಗೆ ಇಟ್ಟರೆ ತೋಟದವರು ಬರುವುದಿಲ್ಲ. ಬಂದರೆ ದಿನದ ಕೂಲಿ ಹೋಗುತ್ತದೆ. ಭಾನುವಾರ ಸಂಜೆ ಲೈನ್ ಮನೆಗಳ ಹತ್ತಿರವೇ ಹೋಗಿ ಕೂತರೆ ಅಮ್ಮಂದಿರೂ ಬರುತ್ತಾರೆ. ನನ್ನ ಅನುಭವದಲ್ಲಿ ಸೆಟ್ಟಿಂಗ್ ಬದಲಾಯಿಸಿಕೊಳ್ಳುವುದರಲ್ಲಿ ಅವರೇ ಮುಂದು.

ಮತ್ತೆ ನಮ್ಮ ವಿಷಯ. ಇದನ್ನು ಹೇಳುವಾಗ ನನಗೆ ಬೇಸರವೂ ಆಗುತ್ತದೆ. ಬಿಸಿಯೂಟ, ಪ್ರತಿಭಾ ಕಾರಂಜಿ, ಸಮವಸ್ತ್ರ ಹಂಚಿದ್ದು ಹೀಗೆ ಪ್ರತಿಯೊಂದಕ್ಕೂ ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆದು, ಹೆಸರು, ತರಗತಿ, ಊರು ಸಮೇತ ಸ್ಟೇಟಸ್‌ಗೆ ಹಾಕುವವರು ಶಿಕ್ಷಕರೇ. ಸ್ಟಿಕ್ಕರ್ ಮಾಡಿದ ಹುಡುಗನಿಗೆ ಫೋಟೋ ಎಲ್ಲಿಂದ ಸಿಕ್ಕಿತು ಅಂತ ಒಂದು ಸಲ ವಿಚಾರಿಸಿ ನೋಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷದ ಒಳಗಿನವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಅಂತ ಇದೆ. ಕಾಯ್ದೆ ಹಾಗಿರಲಿ, ಫೋಟೋ ತೆಗೆಯುವ ಮೊದಲು "ತೆಗೀಲಾ? ಗ್ರೂಪಿಗೆ ಹಾಕ್ಲಾ?" ಅಂತ ಮಗುವನ್ನು ಕೇಳಿ. ಬೇಡ ಅಂದರೆ ಬಿಡಿ. ಮೇಷ್ಟ್ರಿಗೇ ಬೇಡ ಅನ್ನಲು ಕಲಿತ ಮಗು ಗೇಮಿನ "ಅಣ್ಣ"ನಿಗೂ ಬೇಡ ಅನ್ನುತ್ತದೆ.

ಶಾಲೆಯ ಸಲಹಾ ಪೆಟ್ಟಿಗೆ ಗೋಡೆಯಲ್ಲಿ ಸುಮ್ನೆ ತೂಗುತ್ತಿದ್ದರೆ ಅದಕ್ಕೆ ಜೀವ ಕೊಡಿ. ವಾರಕ್ಕೊಮ್ಮೆ ಇಬ್ಬರು ಸೇರಿ ತೆರೆಯಿರಿ, ಅವರಲ್ಲಿ ಒಬ್ಬರು ಮಿಸ್ ಆಗಿರಲಿ. ಮೊಬೈಲ್ ವಿಷಯವನ್ನು ಮಕ್ಕಳ ಗ್ರಾಮಸಭೆಯಲ್ಲೂ ಮಕ್ಕಳ ಬಾಯಿಂದಲೇ ಹೇಳಿಸಬಹುದು. ಪ್ರಬಂಧ ಸ್ಪರ್ಧೆ, ಪ್ರತಿಜ್ಞೆ, ಅತಿಥಿಗಳ ಒಂದು ದಿನದ ಉಪನ್ಯಾಸ ಇವುಗಳಿಂದ ಏನೂ ಬದಲಾದದ್ದನ್ನು ನಾನು ನೋಡಿಲ್ಲ.

ನಂಬರುಗಳನ್ನು ಕಲಿಸಿ. ಮಕ್ಕಳ ಸಹಾಯವಾಣಿ 1098. ಹಗಲು ರಾತ್ರಿ ಇರುತ್ತದೆ, ದುಡ್ಡು ಬೀಳುವುದಿಲ್ಲ. ಹತ್ತು, ಒಂಬತ್ತು, ಎಂಟು ಅಂತ ಹಿಂದಕ್ಕೆ ಎಣಿಸಿದರೆ ಅದೇ ನಂಬರ್. ಒಂದನೇ ತರಗತಿಯವರೂ ಹಾಡಿನ ಹಾಗೆ ಹೇಳುತ್ತಾರೆ. ತುರ್ತಿದ್ದರೆ 112. ಮನೆಯಲ್ಲಿ ಹೇಳಲು ಆಗದಿದ್ದರೆ ಇನ್ಯಾರಿಗೆ ಹೇಳುತ್ತೀರಿ ಅಂತ ಪ್ರತಿ ಮಗುವೂ ಮೂರು ದೊಡ್ಡವರ ಹೆಸರನ್ನು ತನ್ನ ಪುಸ್ತಕದ ಹಿಂದಿನ ಪುಟದಲ್ಲಿ ಬರೆಯಲಿ. ಅಜ್ಜಿ, ಅಂಗನವಾಡಿ ಅಕ್ಕ, ಮಿಸ್ ಯಾರಾದರೂ ಸರಿ. ಮೂರು ಹೆಸರು ಬರೆಯಲು ಆಗದೆ ಪೆನ್ಸಿಲ್ ಹಿಡಿದು ಕೂತ ಮಗು ಕಂಡರೆ ಅವತ್ತೇನೂ ಕೇಳಬೇಡಿ. ಆ ಮಗುವಿನ ಮೇಲೆ ಒಂದು ಕಣ್ಣಿಟ್ಟಿರಿ, ಮಧ್ಯಾಹ್ನ ಊಟಕ್ಕೆ ಪಕ್ಕದಲ್ಲಿ ಕೂರಿ.

ನಾಲ್ಕು ಶನಿವಾರ ಆದ ಮೇಲೆ ಹೇಗೆ ನಡೆಯಿತು ಅಂತ ಬರೆಯಿರಿ. ಯಾವ ಮಗು ಏನು ಹೇಳಿತು ಅಂತ ತಿಳಿಸಿದರೂ ಸಾಕು, ಹೆಸರು ಬೇಡ. ಆ ಹುಡುಗಿ ಶಾಲೆಗೆ ಬಂದಳಾ ಅನ್ನುವುದನ್ನು ಮಾತ್ರ ನಾಳೆಯೇ ತಿಳಿಸಿ.